ಸೂಜಿಮೆಣಸಿಗೆ ನಾನು ಯಾರು

ಫ್ಯಾನು ತಿರುಗುತ್ತಿದೆ, ಮೂರು ರೆಕ್ಕೆ ಸೇರಿ ಒಂದೇ ಬೂದು ತಟ್ಟೆಯ ಹಾಗೆ, ನಡುವಿನ ಬಟ್ಟಲು ಗಡಗಡ ನಡುಗುತ್ತಾ — ನನ್ನ ತಲೆಯ ಮೇಲಿನದಲ್ಲ, ಅವಳ ಮನೆಯದು, ನನ್ನ ಲ್ಯಾಪ್‌ಟಾಪಿನ ತುಂಬ ಈಗ ಅವಳ ಮನೆಯ ಫ್ಯಾನೇ, ಫೋನನ್ನು ಹಾಸಿಗೆಯ ಮೇಲೆ ಅಂಗಾತ ಹಾಕಿ ಎದ್ದು ಹೋಗಿದ್ದಾಳೆ, ಬಂದ್ರು ಮೇಡಂ ಬಂದ್ರು, ಅಷ್ಟೇ ಅಂದದ್ದು, ಆಮೇಲೆ ಮಂಚ ಕಿರುಗುಟ್ಟಿತು, ಚಿಲಕ ತೆಗೆದ ಸದ್ದು. ಈ ಹೊತ್ತಿಗೆ ಗಂಡ ಆಫೀಸಿನಲ್ಲಿರಬೇಕಿತ್ತಲ್ಲ, ಮಗಳು ಶಾಲೆಯಲ್ಲಿ, ಗಂಡ ಆಫೀಸಿನಲ್ಲಿ, ಅದಕ್ಕೆಂದೇ ಈ ಹೊತ್ತು ಆರಿಸಿಕೊಂಡದ್ದು. ನನ್ನ ಕ್ಯಾಮೆರಾ ಮುಚ್ಚಿದ್ದೇನೆ, ಅದು ರೂಢಿ, ಬಾಗಿಲ ಸದ್ದಾದರೆ ಬೆರಳು ತಾನಾಗಿ ಹೋಗುತ್ತದೆ, ಮೈಕು, ಮೈಕು ಆರಿಸಿದೆನಾ, ಆರಿಸಿದ್ದೇನೆ, ಕೆಂಪು ಗುರುತು ಕಾಣುತ್ತಿದೆ, ಉಸಿರಾಡಬಹುದು. ಸೂಜಿಮೆಣಸು — ನಿಜವಾದ ಹೆಸರು ನನಗೆ ಗೊತ್ತಿಲ್ಲ, ಬೀದಿ ಗೊತ್ತಿಲ್ಲ, ಮನೆಯ ನಂಬರು ಗೊತ್ತಿಲ್ಲ, ನಮ್ಮ ಆನ್‌ಲೈನ್ ಕೌನ್ಸೆಲಿಂಗಿಗೆ ಬರುವವರು ತಮಗೆ ಬೇಕಾದ ಅಡ್ಡಹೆಸರಿನಲ್ಲಿ ಬರಬಹುದು, ಅದೇ ಅವರಿಗೆ ಧೈರ್ಯ, ಹೆಸರು ಮಾತ್ರ ಖಾರ ಮೇಡಂ, ಮನೇಲಿ ನಾನು ಉಪ್ಪಿಲ್ಲದ ಸಪ್ಪೆ, ಅಂದಿದ್ದಳು ಮೊದಲ ದಿನ — ಹಾಗಾದರೆ ಈಗ ಅಲ್ಲಿ ಏನಾದರೂ ಆದರೆ ನಾನು ಯಾರನ್ನು ಎಲ್ಲಿಗೆ ಕಳಿಸಲಿ, ಸೂಜಿಮೆಣಸಿನ ಮನೆಗೆ ಹೋಗಿ ಅನ್ನಲೇ. ಫ್ಯಾನು ಜೋರಾಗಿ ಇಟ್ಕೊಳ್ಳಿ, ಹೊರಗಿನವರಿಗೆ ಬರೀ ಗಾಳಿ ಸದ್ದು ಕೇಳುತ್ತೆ, ಇದು ನಾನೇ ಹೇಳಿಕೊಟ್ಟ ಬುದ್ಧಿ, ಈಗ ಅದೇ ಫ್ಯಾನು ನನ್ನ ಕಿವಿಗೂ ಹತ್ತಿ ತುರುಕಿ ಕೂತಿದೆ, ಆಚೆ ಕೋಣೆಯಲ್ಲಿ ಮಾತು ನಡೆದಿದೆ, ಗಂಡು ದನಿ, ಹೆಣ್ಣು ದನಿ, ಪದ ಒಂದೂ ದಕ್ಕುವುದಿಲ್ಲ.

ಅವಳ ಗಂಡ ಕೈ ಎತ್ತುವವನಲ್ಲ, ಕೂಗುವವನೂ ಅಲ್ಲ, ಕೂಗಿದ್ರೆ ಪಕ್ಕದ ಮನೆಯವರಾದ್ರೂ ಬರ್ತಿದ್ರು ಮೇಡಂ, ಇವರು ಮಗೂನ ಮಲಗಿಸೋ ಹಾಗೆ ಮಾತಾಡ್ತಾರೆ. ಅವಳು ತಂಗಿಗೆ ಕದ್ದು ಫೋನ್ ಮಾಡಿದ್ದು ಗೊತ್ತಾದಾಗ ಆ ಫೋನನ್ನು ಬಕೆಟ್ಟಿನ ನೀರಿಗೆ ಮೆಲ್ಲಗೆ ಇಳಿಬಿಟ್ಟನಂತೆ, ಟವೆಲಿನಲ್ಲಿ ಬೆರಳು ಬೆರಳೂ ಒರೆಸಿಕೊಂಡನಂತೆ, ಇನ್ನೊಂದು ಸುಳ್ಳು ಸಿಕ್ಲಿ, ಮಗಳನ್ನ ನಮ್ಮಮ್ಮನ ಹತ್ರ ಬಿಟ್ಟು ಬರ್ತೀನಿ, ಆಮೇಲೆ ನೀನು ಫೋಟೋದಲ್ಲಿ ನೋಡ್ಕೊ, ಅಂದು, ಬಾ ಊಟ ಮಾಡೋಣ ಅಂತ ತಟ್ಟೆ ಹಾಕಿದನಂತೆ. ಇನ್ನೊಂದು ಸುಳ್ಳು, ಹಾಸಿಗೆಯ ಮೇಲೆ ಅಂಗಾತ ಬಿದ್ದಿರುವ ಆ ಇನ್ನೊಂದು ಸುಳ್ಳು ನಾನೇ ಅಲ್ಲವೇ. ಕಾಲ್ ಕಟ್ ಮಾಡಲೇ — ಬೇಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ, ಕಟ್ ಆದ ಕರೆಗಿಂತ ದೊಡ್ಡ ಸಾಕ್ಷಿ ಯಾವುದು ಬೇಕು ಅಂಥವನಿಗೆ. ಅದಕ್ಕೇ ಅಲ್ಲವೇ ನಾವು ವೇಷ ಕಟ್ಟುವುದು, ಯಾರೂ ಕಲಿಸಿದ್ದಲ್ಲ ಇದು, ಬಿದ್ದು ಎದ್ದು ನಾನೇ ಕಂಡುಕೊಂಡದ್ದು, ಮೊದಲ ದಿನವೇ ಕೇಳಿಬಿಡುತ್ತೇನೆ, ಮಧ್ಯೆ ಯಾರಾದ್ರೂ ಬಂದು ಫೋನ್ ತಗೊಂಡ್ರೆ ನಾನು ಯಾರಾಗಿರ್ಲಿ ಹೇಳಿ. ಟ್ಯಾಕ್ಸಿ ಓಡಿಸುವವನಿಗೆ ನಾನು ಗಾಡಿ ಇನ್ಶೂರೆನ್ಸಿನವಳು, ಸೊಸೆಯ ಜೊತೆ ಮಾತು ಬಿಟ್ಟ ಅಜ್ಜಿಗೆ ಕಿವಿ ಮೆಷಿನ್ ಕಂಪನಿಯವಳು, ಹೆಂಗೂ ಗಂಟಲು ಹರ್ಕೊಂಡು ಮಾತಾಡ್ತೀಯ, ನಿಂಗೆ ಅದೇ ಸರಿ ಕಣಮ್ಮಾ, ಅಂದಿತ್ತು ಮುದುಕಿ, ಆಸ್ಪತ್ರೆಯ ನರ್ಸಿಗೆ, ನರ್ಸಿಗೆ ಏನೋ, ಸೂಜಿಮೆಣಸಿಗೆ — ಸೂಜಿಮೆಣಸಿಗೆ ನಾನು ಯಾರು.

ಅಯ್ಯೋ, ಯಾರು ನಾನು. ತಲೆಯಲ್ಲಿ ಮಾತ್ರ ಇಟ್ಟುಕೊಳ್ಳುತ್ತೇನೆ, ದನಿ ಕೇಳಿದರೆ ಸಾಕು ಅವರ ಮನೆಮಠ ಎಲ್ಲಾ ಕಣ್ಣ ಮುಂದೆ ಬರುತ್ತದೆ ನನಗೆ, ಅಂತ ಎಷ್ಟು ಜಂಬ, ಈಗ ನೋಡು, ಫ್ಯಾನು, ಫ್ಯಾನಿನ ಹೊರತು ಏನೂ ಬರುತ್ತಿಲ್ಲ. ಟೀಚರ್? ಬ್ಯೂಟಿ ಪಾರ್ಲರಿನವಳು? ನನ್ನ ಕೋಣೆಯ ಹೊರಗಿನಿಂದ ಅಕ್ಕ ಬಾಗಿಲು ಬಡಿಯುತ್ತಾಳೆ, ಏ, ಹಾಲಿಟ್ಟು ಬಂದು ಕೂತ್ಯಲ್ಲೇ, ಒಲೆಯೆಲ್ಲಾ ಮಿಂದುಬಿಟ್ಟಿದೆ, ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ — ಸುಮ್ಮನಿರೇ ಅಕ್ಕಾ, ನಿನ್ನ ದಮ್ಮಯ್ಯ, ಬಾಯಿ ತೆರೆದು ಅನ್ನಲಾರೆ, ಮೈಕು ಆರಿದೆ, ಆದರೂ ಅನ್ನಲಾರೆ. ಪರದೆ. ಹೌದು, ಪರದೆ! ಪರದೆ ಹೊಲಿಯೋರು ಅನ್ನಿ ಮೇಡಂ, ನಮ್ಮ ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿದೀನಿ, ನೋಡಿದವರು ನಂಬ್ತಾರೆ, ಅಂದು ನಕ್ಕದ್ದು, ಕೆಮ್ಮಿದ ಹಾಗೆ ಒಂದು ನಗು, ಅವಳದೇ ಅದು, ನರ್ಸು ನಗುವವಳೇ ಅಲ್ಲ, ಸರಿ, ಟೈಲರು, ನಾನು ಟೈಲರು, ಕಿಟಕಿಯ ಅಳತೆ ಕೇಳುತ್ತಿದ್ದೆ, ಉದ್ದ ಎಷ್ಟು, ಅಗಲ ಎಷ್ಟು, ಒಳಗೆ ಲೈನಿಂಗ್ ಬೇಕಾ — ಆಚೆ ಮಾತು ನಿಂತಿತು. ಚಪ್ಪಲಿಯಿಲ್ಲದ ಪಾದ, ಹತ್ತಿರ, ಫ್ಯಾನಿನ ಅಂಚಿಗೆ ನೆರಳು ಬಂತು, ತಟ್ಟೆಯ ಕಾಲು ಭಾಗ ನುಂಗಿತು, ಗಲ್ಲ, ಮೂಗಿನ ಹೊಳ್ಳೆ, ಕನ್ನಡಕ, ತಲೆಕೆಳಗಾಗಿ ಒಂದು ಮುಖ, ದೇವರೇ ಎಷ್ಟು ಸಾಧಾರಣ ಮುಖ, ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುವವರ ಮುಖ.

ಲೈನಲ್ಲಿದೀರಾ ಮೇಡಂ? ತಾವು ಯಾರು ಅಂತ ಗೊತ್ತಾಗ್ಲಿಲ್ಲ. ಹಿಂದಿನಿಂದ ಅವಳು, ರೀ, ನಾನು ಹೇಳಿದ್ನಲ್ಲ, ಅದು — ನೀನು ಹೇಳಿದ್ದಾಯ್ತಲ್ಲಮ್ಮಾ, ಈಗ ಅವರು ಹೇಳ್ಲಿ, ಇಬ್ಬರದೂ ಕೇಳಿದ್ರೆ ನಂಗೂ ಸಮಾಧಾನ. ಅಮ್ಮಾ ಅಂದ ಅವಳನ್ನು, ಮಗೂನ ಮಲಗಿಸೋ ಹಾಗೆ. ಅವಳು ಹೇಳಿಯಾಗಿದೆ. ಅವಳು ಹೇಳಿದ್ದನ್ನೇ ನಾನು ಹೇಳಬೇಕು. ಹೇಳು, ತಡವಾದಷ್ಟೂ ಸುಳ್ಳು ನಾರುತ್ತದೆ, ಮೈಕಿನ ಗುರುತು ಒತ್ತಿದೆ, ಕೆಂಪು ಹೋಯಿತು, ನನ್ನ ದನಿ ಎಷ್ಟು ಚೆನ್ನಾಗಿ ಬಂತು, ಅಂಗಡಿಯವಳ ದನಿ, ನಮಸ್ಕಾರ ಸರ್, ನಾನು ಪರದೆ ಹೊಲಿಯೋಳು, ಕಿಟಕಿ ಅಳತೆ ಕೇಳೋಣ ಅಂತ ಮಾಡಿದ್ದೆ. ಓ, ಪರದೆ. ಒಳ್ಳೇದು ಮೇಡಂ, ಅಂದ, ಮುಖ ನಕ್ಕಿತು, ಮುಖ ಸರಿಯಿತು, ಮತ್ತೆ ಫ್ಯಾನು, ಇಡೀ ಫ್ಯಾನು, ಗೆದ್ದೆ ಅನ್ನಿಸಿ ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಎಲ್ಲಿತ್ತೋ ಬಂತು, ಅವಳ ದನಿ, ಹೋದ ವಾರದ್ದು, ಸೆಷನ್ ಮುಗಿಯುವ ಗಡಿಬಿಡಿಯಲ್ಲಿ, ಮೇಡಂ, ಟೈಲರ್ ಬೇಡ ಇನ್ಮೇಲೆ, ನಿನ್ನೆ ಅವರೇ ಪರದೆ ತಂದು ಹಾಕಿದ್ರು, ಕಿಟಕಿ ಪೂರ್ತಿ ಮುಚ್ಚೋ ಅಂಥದ್ದು, ನೀವು ಇನ್ನು ಮಗಳ ಟೀಚರ್, ಮರೀಬೇಡಿ, ಟೀಚರ್ — ಮರೆಯೋಕೆ ನಂಗೇನು ವಯಸ್ಸಾಯ್ತಾ ಅಂದು ನಾನೂ ನಕ್ಕಿದ್ದೆ, ಅವಳೂ ನಕ್ಕಿದ್ದಳು ಕೆಮ್ಮಿದ ಹಾಗೆ. ಈಗ ಅವಳು ಅವನಿಗೆ ಹೇಳಿರುವುದು ಟೀಚರ್ ಅಂತಲೇ ಇರಬೇಕು. ಏನಾದರೂ ಅನ್ನೇ ಸೂಜಿಮೆಣಸೇ, ಮಗಳ ಟೀಚರೇ ಬಿಡುವಿನಲ್ಲಿ ಪರದೆ ಹೊಲೀತಾರೆ ಅನ್ನು, ಏನಾದರೂ ಅನ್ನು, ನಾನು ಅನ್ನಲೇ, ಬಾಯಿ ತೆರೆದಿದ್ದೇನೆ, ಟಕ್ ಎಂದು ಸ್ವಿಚ್ಚಿನ ಸದ್ದು, ಅವನೇ ಫ್ಯಾನು ಆರಿಸಿದ, ಗಾಳಿಯ ಮೊರೆತ ಒಂದು ಶ್ರುತಿ ಕೆಳಗಿಳಿಯಿತು, ಕೋಣೆ ಚೆನ್ನಾಗಿ ಕೇಳಿಸಲಿ ಎಂದು, ಎಲ್ಲಾ ಚೆನ್ನಾಗಿ ಕೇಳಿಸಲಿ ಎಂದು, ಬೂದು ತಟ್ಟೆ ಬಿರುಕು ಬಿಡುತ್ತಿದೆ, ರೆಕ್ಕೆ ರೆಕ್ಕೆಯಾಗಿ ಕಾಣುತ್ತಿದೆ, ಅಂಚಿನಲ್ಲಿ ಕರಿ ಧೂಳು, ನಿಲ್ಲಬೇಡ, ಒಂದು ರೆಕ್ಕೆ, ನಿಲ್ಲಬೇಡ, ಇನ್ನೊಂದು, ಧೂಳು, ರೆಕ್ಕೆ, ಧೂಳು, ರೆಕ್ಕೆ