ಆಸ್ಪತ್ರೆ ಹಿಂದಿನ ಮಂದೆ

ಮೂರನೇ ಸಲವೂ ಆಪರೇಷನ್ ಮಾಡದೆ ವಾಪಸು ಕಳಿಸಿದಾಗ ಈರಕ್ಕನಿಗೆ ಆಸ್ಪತ್ರೆಗಿಂತ ಗಂಡ ಓಬಯ್ಯನ ಮೇಲೇ ಹೆಚ್ಚು ಸಿಟ್ಟು ಬಂತು.

ಮೊದಲ ಸಲದ್ದು ಅವನ ತಪ್ಪಲ್ಲ. ಮಧುಗಿರಿ ಹೊರಗಿನ ಆ ಧರ್ಮಾಸ್ಪತ್ರೆಗೆ ಅರಿವಳಿಕೆ ಕೊಡುವ ಡಾಕ್ಟರು ಬರುತ್ತಿದ್ದುದು ಗುರುವಾರ ಮಾತ್ರ. ಸೋಮವಾರ ಸಿರಾ, ಮಂಗಳವಾರ ಕೊರಟಗೆರೆ, ಬುಧವಾರ ಪಾವಗಡ, ಹೀಗೆ ಸುತ್ತುತ್ತಿದ್ದ ಅವರು ಆ ವಾರ ಜ್ವರ ಬಂದು ಮಲಗಿದ್ದರು. ಎರಡನೇ ಸಲ ಓಬಯ್ಯನ ಸರದಿ ಬರುವ ಹೊತ್ತಿಗೆ ಹೆರಿಗೆ ಕಷ್ಟವಾದ ಹೆಂಗಸನ್ನು ಕರೆತಂದರು. ಅವಳನ್ನು ಮೊದಲು ಒಳಗೆ ಕರೆದುಕೊಂಡದ್ದೇ ಸರಿ ಎಂದು ಈರಕ್ಕನೂ ಒಪ್ಪಿದ್ದಳು. ಆದರೆ ಮೂರನೇ ಸಲ ಡಾಕ್ಟರು ಇದ್ದರು, ಸರದಿ ಇತ್ತು, ಓಬಯ್ಯ ನೀರು ಕೂಡ ಕುಡಿಯದೆ ಹಸಿರು ಅಂಗಿ ಹಾಕಿಕೊಂಡು ಕೂತಿದ್ದ. ಇಲ್ಲದೇ ಹೋದದ್ದು ನೆಟ್ಟಗಿನ ಬಿ.ಪಿ. ಒಂದೇ.

"ನೂರೆಂಬತ್ತು. ಮನೇಲಿ ಅಳೆದಾಗ ಸರಿಯಾಗಿತ್ತು ಅಂತೀರಲ್ಲ?" ನರ್ಸ್ ಶಾಂತಕುಮಾರಿ ಕೈಪಟ್ಟಿ ಬಿಚ್ಚಿದಳು.

"ಸರಿಯಾಗೇ ಇತ್ತು ಕಣವ್ವ. ಮಾತ್ರೆನೂ ನುಂಗ್ಸಿದೀನಿ, ಮುದ್ದೆಗೆ ಉಪ್ಪೂ ಹಾಕಿಲ್ಲ. ಚಾಕು ಕಂಡ್ರೆ ಪುಕ್ಕಲ, ಅಷ್ಟೇಯ" ಎಂದಳು ಈರಕ್ಕ.

"ಯಾವನೇ ಪುಕ್ಕಲ?" ಓಬಯ್ಯ ಎದ್ದು ಕೂತ. "ಎಷ್ಟು ಕುರಿಗೆ ಹೊಲಿಗೆ ಹಾಕಿಲ್ಲ ನಾನು? ಸೂಜಿ ಕೊಟ್ರೆ ಇದನ್ನೂ ನಾನೇ ಹಾಕ್ಕಂತೀನಿ."

ಅವನು ತಮಾಷೆಗೆ ಹೇಳಿದ್ದಲ್ಲ. ಹೋದ ತಿಂಗಳು ಈರಕ್ಕ ದಬ್ಬಳವನ್ನೂ ಕುರಿಗೆ ಹಾಕುವ ದಾರವನ್ನೂ ರಾಗಿ ಡಬ್ಬದಲ್ಲಿ ಬಚ್ಚಿಟ್ಟಿದ್ದಳು.

ತೊಡೆಸಂದಿಯ ಆ ಗಡ್ಡೆ ಮೊದಲು ನಿಂಬೆಕಾಯಷ್ಟಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ. ಎರಡು ವರ್ಷದಲ್ಲಿ ಮಾವಿನಕಾಯಷ್ಟಾಗಿತ್ತು. ಡಾಕ್ಟರು ಅದಕ್ಕೆ ಹರ್ನಿಯಾ ಎಂದು ಹೆಸರು ಹೇಳಿ, ಭಾರ ಎತ್ತಬಾರದು ಎಂದಿದ್ದರು. ಕುರಿಯವನಿಗೆ ಭಾರ ಎತ್ತಬೇಡ ಎಂದರೆ ಏನರ್ಥ? ಬೇಸಿಗೆಯಲ್ಲಿ ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಬೇಕು, ಅಂದರೆ ಸುತ್ತ ಬಲೆ ಕಟ್ಟಿ ಒಳಗೆ ಕೂಡಬೇಕು. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ; ರಾಗಿ ಕುರಿಯವರಿಗೆ. ಅದಕ್ಕೆ ದಿನಾ ಗೂಟ ಕಿತ್ತು, ಬಲೆ ಸುತ್ತಿ, ಹೊತ್ತು, ಮುಂದಿನ ಹೊಲದಲ್ಲಿ ಮತ್ತೆ ನೆಡಬೇಕು. ಓಬಯ್ಯನಿಂದ ಅದಾಗದೆ ಎರಡು ಬೇಸಿಗೆ ಮಂದೆ ಎಲ್ಲಿಗೂ ಹೋಗಲಿಲ್ಲ. ರಾಗಿ ಬರಲಿಲ್ಲ. ರಾಗಿ ಕೊಳ್ಳಲು ಕುರಿ ಮಾರಿದರು. ಮೇಯಿಸಲು ಆಳಿಟ್ಟರು, ಆಳಿಗೆ ಕೊಡಲು ಮತ್ತೆ ಕುರಿ ಮಾರಿದರು. ತೊಂಬತ್ತಿದ್ದದ್ದು ಐವತ್ತೆಂಟಕ್ಕೆ ಬಂತು. ಆಪರೇಷನ್ ಬಿಟ್ಟಿಯೇ. ಅದಕ್ಕಾಗಿ ಕಾಯುವುದೇ ಮೂವತ್ತೆರಡು ಕುರಿ ತಿಂದಿತ್ತು.

"ಮುಂದಿನ ಗುರುವಾರ ಬನ್ನಿ" ಎಂದಳು ಶಾಂತಕುಮಾರಿ.

"ಮುಂದಿನ ಗುರುವಾರನೂ ಆಗದಿದ್ರೆ ಎಲ್ಲಾನೂ ಸಿರಾ ಸಂತೆಗೆ ಹೊಡ್ದುಬುಡ್ತೀನಿ" ಎಂದ ಓಬಯ್ಯ. "ನಾನು ಯಾವನಾದ್ರೂ ಅಂಗ್ಡಿ ಮುಂದೆ ವಾಚ್‌ಮ್ಯಾನ್ ಆಗಿ ಕೂತ್ಕಂತೀನಿ. ಕುರ್ಚಿಯಾದ್ರೂ ಕೊಡ್ತಾರೆ."

ಅವನು ಸುಮ್ಮನೆ ಹೇಳುವವನಲ್ಲ ಎಂದು ಈರಕ್ಕನಿಗೆ ಗೊತ್ತಿತ್ತು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಈರಕ್ಕನ ತಮ್ಮ ಅಂಜಿನಮೂರ್ತಿ. ಆವತ್ತು ಊರಿನಲ್ಲಿ ಕುರಿ ನೋಡಿಕೊಳ್ಳುತ್ತಿದ್ದವನು ಅವನೇ.

"ಭಾವ, ಹೆದರ್ಕಬೇಡ. ಏನೂ ಆಗಿಲ್ಲ."

"ಏನ್ಲಾ ಆಗಿಲ್ಲ?"

"ನಾಕೇ ನಾಕು ಕುರಿ ಟೊಮೊಟೊ ತೋಟಕ್ಕೆ ನುಗ್ಗಿದ್ವು. ಹೊರಕ್ಕೆ ಹೊಡ್ದೀವ್ನಿ. ತೋಟದವ್ರು ಅವ್ವ ಅಪ್ಪ ಅಂತ ಬೈದ್ರು, ಬೈಸ್ಕಂಡೆ."

"ಮೊಬೈಲ್ ನೋಡ್ತಾ ಕುಂತಿದ್ದೇನ್ಲಾ ನನ್ಮಗನೇ?"

ಓಬಯ್ಯನ ಕುತ್ತಿಗೆಯ ನರ ಉಬ್ಬಿ ನಿಂತದ್ದನ್ನು ಈರಕ್ಕ ನೋಡಿದಳು. ಆಗಲೇ ಅವಳಿಗೆ ಏನೋ ಹೊಳೆಯಿತು.

"ಸಿಸ್ಟರಮ್ಮ, ಇನ್ನೊಂದ್ ಸಲ ಆ ಪಟ್ಟಿ ಕಟ್ಟು" ಎಂದಳು.

ಶಾಂತಕುಮಾರಿ ಕಟ್ಟಿ ನೋಡಿದಳು. ನೂರತೊಂಬತ್ತೆರಡು.

ಈರಕ್ಕ ಫೋನು ಕಿತ್ತುಕೊಂಡು ಹೊರಗೆ ಹೋದಳು. ತಮ್ಮನಿಗೆ ಎರಡು ಮಾತು ಬೈದು, ಕುರಿಯನ್ನೆಲ್ಲ ರೊಪ್ಪಕ್ಕೆ ಹೊಡೆದು ಬಾಗಿಲು ಕಟ್ಟಿ ಫೋನು ಮಾಡು ಎಂದಳು. ಅರ್ಧ ಗಂಟೆ ಬಿಟ್ಟು ಅಂಜಿ ವೀಡಿಯೋ ಕರೆ ಮಾಡಿದ. ಓಬಯ್ಯ ಪರದೆಯಲ್ಲಿ ಒಂದೊಂದೇ ಮುಖ ನೋಡಿದ, ಕುಂಟುಕುರಿ ಎಲ್ಲಿ ಎಂದು ಕೇಳಿದ, ಅದನ್ನೂ ನೋಡಿದ. ಪಟ್ಟಿ ಮತ್ತೆ ಕಟ್ಟಿದರೆ ನೂರಐವತ್ತು.

"ಇದ್ಯಾವ ಕಾಯಿಲೆ?" ಎಂದಳು ಶಾಂತಕುಮಾರಿ.

"ಇದು ನಮ್ ಅಂಜಿ ಕಾಯಿಲೆ ಕಣಮ್ಮ. ಇಷ್ಟಿದ್ರೆ ಆಪರೇಷನ್ ಮಾಡ್ತಾರಾ?"

"ಮಾಡ್ತಾರೆ. ಆದ್ರೆ ಇವತ್ತು ಡಾಕ್ಟ್ರು ಹೋಗಿಬಿಟ್ರಲ್ಲ."

ಈರಕ್ಕ ಕಿಟಕಿಯಿಂದ ಆಚೆ ನೋಡಿದಳು. ಆಸ್ಪತ್ರೆಯ ಹಿಂದೆ ತಂತಿಬೇಲಿ, ಅದರಾಚೆ ರಾಗಿ ಕೊಯ್ದ ಬಯಲು ಹೊಲ. ಹೊಲದ ಆ ತುದಿಯಲ್ಲಿ ಒಂದು ಹೆಂಚಿನ ಮನೆ.

"ಆ ಹೊಲ ಯಾರ್ದು?"

ಹೊಲ ಹಾಲೇಶ್ ಎಂಬುವವನದು, ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಆದರೆ ಹೊಲದ ವಿಚಾರವೆಲ್ಲ ಅವನ ತಾಯಿ ಚನ್ನಮಲ್ಲಮ್ಮನದು. ಈರಕ್ಕ ಓಬಯ್ಯನನ್ನು ಬೆಂಚಿನ ಮೇಲೆ ಬಿಟ್ಟು ಬೇಲಿ ಸುತ್ತಿಕೊಂಡು ಹೋದಳು. ಮುದುಕಿ ಜಗಲಿಯ ಮೇಲೆ ಹುಣಸೆಬೀಜ ಬಿಡಿಸುತ್ತಿದ್ದಳು.

"ಅಮ್ಮಾರೆ, ನಿಮ್ಮ ಹೊಲಕ್ಕೆ ಮಂದೆ ತರುಬ್ತೀವಿ. ಐವತ್ತೆಂಟು ಕುರಿ, ಒಂದು ವಾರ."

"ನನ್ ಮಗನ ಅಂಗಡಿ ತುಂಬಾ ಗೊಬ್ಬರ ಐತೆ ಕಣಮ್ಮ" ಎಂದಳು ಚನ್ನಮಲ್ಲಮ್ಮ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದನ್ನ ಹಾಕಿ ಹಾಕಿ ನೆಲ ಇಟ್ಟಿಗೆ ಆಗೈತೆ. ರಾತ್ರಿಗೆ ಎಷ್ಟು ಕೇಳ್ತೀಯ?"

"ಹತ್ತು ಸೇರು ರಾಗಿ."

"ಆರು."

"ಮೂರು ಜನದ ಊಟನೂ ನಿಮ್ದೇ ಆದ್ರೆ ಆರು."

"ಮೂರನೇವ್ರು ಯಾರು?"

"ನಮ್ಮೆಜಮಾನ. ಆಸ್ಪತ್ರೇಲಿ ಇರ್ತಾನೆ. ಬರೀ ಗಂಜಿ, ಜಾಸ್ತಿ ತಿನ್ನಲ್ಲ."

ಮುದುಕಿ ನಕ್ಕು, ಬೀಜ ತುಂಬಿದ್ದ ಮೊರ ಪಕ್ಕಕ್ಕಿಟ್ಟಳು. "ಏಳು ಮಾಡ್ಕೊ. ಊಟ ಕೊಡ್ತೀನಿ. ಆದ್ರೆ ನನ್ ಮಗ ಕೇಳಿದ್ರೆ ಕುರಿ ತಾವಾಗೇ ಬಂದ್ವು ಅಂತ ಹೇಳು."

ಮುಂದಿನ ಬುಧವಾರ ಬೆಳಕು ಹರಿಯುವ ಮುಂಚೆ ದೊಡ್ಡೇರಿ ಕಡೆಯ ಹಳ್ಳಿಯಿಂದ ಐವತ್ತೆಂಟು ಕುರಿ ಹೊರಟವು. ಮುಂದೆ ಈರಕ್ಕ, ಹಿಂದೆ ಅಂಜಿ. ಬಲೆ, ಗೂಟ ಅಂಜಿಯ ತಲೆಯ ಮೇಲೆ. ಓಬಯ್ಯ ಬಸ್ಸಿನಲ್ಲಿ ಬಂದ, ಆದರೆ ಸುಮ್ಮನೆ ಬರಲಿಲ್ಲ. ಮಂದೆ ದಾಟಿ ಹೋಗುವಾಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಎಡಕ್ಕೆ ಹೊಡೀಲಾ ಅಂಜಿ, ಎಡಕ್ಕೆ!" ಎಂದು ಕೂಗಿದ. ಕಂಡಕ್ಟರು ಅಂಗಿ ಹಿಡಿದು ಒಳಕ್ಕೆಳೆದ.

ಮಧ್ಯಾಹ್ನ ದಾಟುವ ಹೊತ್ತಿಗೆ ಮಧುಗಿರಿಯ ದೊಡ್ಡ ಬಂಡೆ ಕಣ್ಣಿಗೆ ಬಿತ್ತು. ಅಂಜಿ ತಲೆಯ ಹೊರೆ ರಸ್ತೆಬದಿಗೆ ಇಳಿಸಿ ಕುತ್ತಿಗೆ ಉಜ್ಜಿಕೊಂಡ.

"ಅಕ್ಕ, ಭಾವ ಇದನ್ನ ದಿನಾ ಹೊರ್ತಿದ್ನಾ?"

"ಇಪ್ಪತ್ತು ವರ್ಷ ಹೊತ್ತವ್ನೆ. ಅದಕ್ಕೇ ಆ ಗಡ್ಡೆ ಕಿತ್ಕಂಡು ಬಂದೈತೆ. ನಡಿ."

ಅಂಜಿ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡ. ಸಂಜೆಗೆ ಬಲೆ ಕಟ್ಟಿದ. ಕೆಟ್ಟದಾಗಿ ಕಟ್ಟಿದ. ವಾರ್ಡಿನ ಕಿಟಕಿಯಿಂದ ಓಬಯ್ಯ ಕೂಗಿ ಕೂಗಿ ಒಂದೊಂದೇ ಗೂಟ ಸರಿ ಮಾಡಿಸಿದ. ಪಕ್ಕದ ಹಾಸಿಗೆಯ ರೋಗಿಗಳೂ ಎದ್ದು ಬಂದು ತಮಗೆ ತೋಚಿದ್ದು ಹೇಳಿದರು. ಪಾವಗಡದ ಕಡೆಯ ಒಬ್ಬ ಮುದುಕ ತೆಲುಗಿನಲ್ಲಿ ಹೇಳಿದ್ದು ಅಂಜಿಗೆ ಅರ್ಥವಾಗದಿದ್ದರೂ ಬೈಗುಳ ಎಂದು ತಿಳಿಯಿತು.

ಗುರುವಾರ ಬೆಳಿಗ್ಗೆ ಶಾಂತಕುಮಾರಿ ಪಟ್ಟಿ ತಂದಳು. ಈರಕ್ಕ ಸೆರಗು ಬಿಗಿಹಿಡಿದು ನಿಂತಳು. ಬೇಲಿಯಾಚೆ ಕುರಿಗಳು ಎದ್ದು ಮೈ ಕೊಡವುತ್ತಿದ್ದವು. ಓಬಯ್ಯ ಪಟ್ಟಿಯನ್ನು ನೋಡಲಿಲ್ಲ, ಕುರಿಗಳನ್ನೇ ನೋಡುತ್ತಿದ್ದ.

"ನೂರನಲವತ್ತಾರು" ಎಂದಳು ಶಾಂತಕುಮಾರಿ.

ಅರಿವಳಿಕೆಯ ಡಾಕ್ಟರು ಬಂದವರು ತಾವೇ ಇನ್ನೊಮ್ಮೆ ಅಳೆದರು. ಕಾಗದ ನೋಡಿದರು. ಕಿಟಕಿ ನೋಡಿದರು.

"ಈ ಕುರಿಗಳು ಯಾರವು?"

"ಆ ಹೊಲದವ್ರದ್ದು ಸಾರ್" ಎಂದಳು ಈರಕ್ಕ. ಹಾಲೇಶ್ ಕೇಳಿದರೆ ಹೇಳಲು ಬೇರೆ ಸುಳ್ಳು ಮೊದಲೇ ತಯಾರಿತ್ತು.

ಓಬಯ್ಯನನ್ನು ಒಳಗೆ ಕರೆದುಕೊಂಡು ಹೋದರು. ಈರಕ್ಕ ಬೆಂಚಿನ ಮೇಲೆ ಕೂತಳು. ಯಾರೂ ಬಂದು ಮುಂದಿನ ಗುರುವಾರ ಬನ್ನಿ ಎನ್ನಲಿಲ್ಲ, ಹೊಸ ಸ್ಟ್ರೆಚರ್ ಬರಲಿಲ್ಲ, ಕರೆಂಟು ಹೋಗಲಿಲ್ಲ. ಒಂದೂಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಓಬಯ್ಯನಿಗೆ ಎಚ್ಚರವಿತ್ತು, ಸೊಂಟದ ಕೆಳಗೆ ಮಾತ್ರ ಮರಗಟ್ಟಿತ್ತು.

"ನೋಡಿದ್ಯಾ ಅವ್ರ ಹೊಲಿಗೆನಾ?" ಎಂದಳು ಈರಕ್ಕ.

"ಪರದೆ ಕಟ್ಟಿದ್ರು. ನೋಡಾಕೆ ಬುಡಲಿಲ್ಲ. ಎಂಗೆ ಹಾಕವ್ರೋ ಏನೋ." ಓಬಯ್ಯನಿಗೆ ಅದೊಂದೇ ಬೇಜಾರು.

ಶನಿವಾರ ಸಂಜೆ ಚನ್ನಮಲ್ಲಮ್ಮ ಗಂಜಿ ತಂದಾಗ ಜೊತೆಗೊಬ್ಬ ಗಂಡಸಿದ್ದ. ಕದಿರಯ್ಯ, ಪಕ್ಕದ ಹೊಲದವನು. ಮಂದೆ ತನ್ನ ಹೊಲಕ್ಕೂ ಬೇಕು, ಐದು ರಾತ್ರಿ, ರಾತ್ರಿಗೆ ಏಳು ಸೇರು ಎಂದ. ಈರಕ್ಕ ಒಂಬತ್ತು ಎಂದಳು. ಎಂಟಕ್ಕೆ ಕುದುರಿತು. ಇನ್ನು ಕುರಿ ಮಾರುವ ಮಾತನ್ನು ಓಬಯ್ಯನೂ ಎತ್ತಲಿಲ್ಲ. ಮೂರು ತಿಂಗಳು ಅವನು ಭಾರ ಎತ್ತುವಂತಿರಲಿಲ್ಲ, ಆದರೆ ಅಂಜಿಯ ಕೈ ಪಳಗುತ್ತಿತ್ತು.

ಅಷ್ಟರಲ್ಲಿ ಶಾಂತಕುಮಾರಿ ಬಂದು, "ನಾಳೆ ಡಿಸ್ಚಾರ್ಜ್. ಮನೆಗೆ ಹೋಗಬಹುದು" ಎಂದಳು.

ಈರಕ್ಕ ಬೆರಳು ಮಡಚಿದಳು. ಚನ್ನಮಲ್ಲಮ್ಮನ ಹೊಲದಲ್ಲಿ ಇನ್ನೂ ನಾಲ್ಕು ರಾತ್ರಿ, ಕದಿರಯ್ಯನದು ಐದು. ಒಂಬತ್ತು ರಾತ್ರಿ ಮಂದೆ ಬಿಟ್ಟು ಊರಿಗೆ ಹೋಗುವಂತಿಲ್ಲ, ಅಲ್ಲಿಯವರೆಗೂ ಓಬಯ್ಯನಿಗೆ ಈ ಹಾಸಿಗೆಯೇ ಬೇಕು.

"ಹೊಲಿಗೆ ಬಿಚ್ಚೋ ತನಕ ಮಲಗಿಸ್ಕಳ್ಳಾಕೆ ಆಗಲ್ವಾ ಸಿಸ್ಟರಮ್ಮ? ಬಾಳ ನೋವು ಅಂತಾನೆ."

"ಯಾರೇ ಅಂದಿದ್ದು? ನಂಗೇನು ನೋವಿಲ್ಲ" ಎಂದ ಓಬಯ್ಯ.

"ಬಾಯಿ ಮುಚ್ಕಂಡು ನರ್ಳು" ಎಂದಳು ಈರಕ್ಕ.

ಓಬಯ್ಯ ಒಮ್ಮೆ ಹೆಂಡತಿಯನ್ನು, ಒಮ್ಮೆ ಕದಿರಯ್ಯನನ್ನು ನೋಡಿದ. ಆಮೇಲೆ ಹೊದಿಕೆ ಎದೆಗೆಳೆದುಕೊಂಡು, ಹಳೆಯ ಕುಂಟುಕುರಿಗಿಂತ ಕೆಟ್ಟದಾಗಿ, ನರಳತೊಡಗಿದ.