ಆಣಿ ಬ್ಯಾಡ, ನಾಳೆ ಬಾ

ನಶಾದ ಗುಳಗಿ ಬಿಡತೀನಿ ಅಂತ ಬೀರಲಿಂಗ ಆಣಿ ಮಾಡದ ದೇವರು ರೋಣ ತಾಲೂಕಿನಾಗ ಉಳಿದಿರಲಿಲ್ಲ. ಅವ ಯಾವಗಲ್ ಊರಾಗ ಬಸ್ ಇಳದ್ರ ಅಲ್ಲಿನ ಹಣಮಪ್ಪ ದೇವರು ಒಳಗಿನಿಂದ ಲಗೂನ ಗುಡಿ ಬಾಗಲಾ ಹಾಕ್ಕೋತಿದ್ದ. ನೋಡಿದವರು ಇನ್ನೂ ಅದಾರ.

ಹಿಂತಾ ಮಗನ್ನ ಶೇಖವ್ವ ದವಾಖಾನಿಗೆ ಎಳಕೊಂಡು ಬಂದ್ಳು. ನಶಾ ಬಿಡಸಾಕ ರೋಗಿಗಳನ್ನ ಮಾತಾಡಸೂ ಕೌನ್ಸೆಲರ್ ಶಾಂಭವಿ ಮುಂದ ಬೀರಪ್ಪ ದೇವರ ಭಂಡಾರದ ಅರಿಷಿಣ ಚೀಲಾ ಬಿಚ್ಚಿದ್ಳು. "ಇದನ್ನ ಮುಟ್ಟಿಸಿ ಆಣಿ ಮಾಡಸ್ರಿ, ಅಕ್ಕಾರ."

ಬೀರಲಿಂಗ ಆಗಲೇ ಕೈ ಚಾಚಿದ್ದ. ಆಣಿ ಅವಂಗ ಚಾ ಕುಡದಷ್ಟು ಹಗರ.

"ಆಣಿ ಬ್ಯಾಡ," ಅಂದ್ಳು ಶಾಂಭವಿ. "ಹಿಂದಿನ ಆಣಿ ಮುರದಾಗ ಏನಾತು, ಹೇಳು."

ಬುದ್ಧಿ ಹೇಳಾಕ ಅಕಿ ನಾಲಗಿ ತುರಸ್ತಿತ್ತು. ಕಚ್ಚಿ ಹಿಡದು ಕುಂತ್ಳು. ಎಷ್ಟು ಸುಮ್ಮನ ಕುಂತ್ಳಂದ್ರ, ಮ್ಯಾಲಿನ ಫ್ಯಾನ್ ಸೈತ ನಾಚಿ ನಿಂತಬಿಟ್ಟಿತು.

ಕಡೀಕ ಬೀರಲಿಂಗ ಬಾಯಿ ಬಿಟ್ಟ. "ದೇವರಿಗೂ ಅವ್ವಗೂ ಮಾರಿ ತೋರಸಾಕ ಆಗಲಿಲ್ರಿ. ಆ ನಾಚಿಕಿ ಮರಿಯಾಕ ಮತ್ತ ನುಂಗಿದೆ."

ಶೇಖವ್ವ ಸಾವಕಾಶ ಚೀಲದ ಬಾಯಿ ಕಟ್ಟಿದ್ಳು.

"ಡಾಕ್ಟರು ಔಷಧಾ ಕೊಡತಾರ, ತಗೋ," ಅಂದ್ಳು ಶಾಂಭವಿ. "ನಾಳೆ ನನ್ನ ಕಡೆ ಬಾ."

"ಮತ್ತ ನಶಾದ ಗುಳಗಿ ನುಂಗಿದ್ರ?"

"ನುಂಗಿದ್ರೂ ಬಾ."

ಮರುದಿನ ದವಾಖಾನಿ ಬಾಗಲಾ ತಗಿಯೂದ್ರಾಗ ಬೀರಲಿಂಗ ಮೆಟ್ಟಲ ಮ್ಯಾಲ ತಲಿ ಬಗ್ಗಿಸಿ ಕುಂತಿದ್ದ. "ಮತ್ತ ನುಂಗಿದೆರಿ," ಅಂದ.

ಆಣಿ ಮುರದು ತಲಿ ಮರೆಸಿದವರನ್ನ ಶಾಂಭವಿ ಭಾಳ ನೋಡಿದ್ಳು. ಇವ ಬಂದಿದ್ದ. ಅಕಿ ಕುರ್ಚಿ ಎಳದು ಹಾಕಿದ್ಳು.

"ಕುಂದ್ರು. ನಾ ನಿನ್ನ ಕೈ ಬಿಡಾಂಗಿಲ್ಲ. ನಿನ್ನೆ ಎಷ್ಟೊತ್ತು ನುಂಗಲಾರದ ತಡಕೊಂಡಿ, ಅದನ್ನ ಮೊದಲ ಹೇಳು."

ಬೀರಲಿಂಗ ತಲಿ ಎತ್ತಿದ. "ಸಂಜಿ ತನಕ್ರಿ."