ಅತ್ತೆಯ ಸುಣ್ಣದ ಡಬ್ಬಿ

ನಾನು ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ. ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ನನ್ನ ಗಾತ್ರ. ಕಂಚಗಾರನೊಬ್ಬ ನನ್ನನ್ನು ಬಡಿದು ದುಂಡಗೆ ಮಾಡಿದ. ಮುಚ್ಚಳದ ಮೇಲೆ ನವಿಲು ಕೊರೆಯಲು ಹೋಗಿ ಕೋಳಿ ಕೊರೆದ. ಆ ಕೋಳಿಯನ್ನೇ ನವಿಲೆಂದು ನಂಬಿ ಸಂತೆಯಲ್ಲಿ ನನ್ನನ್ನು ಕೊಂಡವಳು ರೋಣದ ಬಸಲಿಂಗವ್ವ.

ಬಸಲಿಂಗವ್ವನ ಸೊಂಟದ ಚಂಚಿಯಲ್ಲಿ ಎಲೆ, ಅಡಿಕೆಯ ಜೊತೆ ನನ್ನ ಸಂಸಾರ ಶುರುವಾಯಿತು. ಎಂಥ ಗಟ್ಟಿ ಹೆಂಗಸು! ಮುಪ್ಪಿನಲ್ಲಿ ಮಾಳಿಗೆಯ ಏಣಿಯಿಂದ ಬಿದ್ದಾಗ ಸೀರೆ ಕೊಡವಿಕೊಂಡು ಎದ್ದು, ಏಣಿಗೇ ಬೈದಳು. “ಎಲಿಗೆ ಹಚ್ಚಿದ ಸುಣ್ಣ ಎಲಬಿಗೆ ಹತ್ತತೈತಿ” ಎಂದು ಓಣಿಗೆಲ್ಲ ಹೇಳುತ್ತಿದ್ದಳು. ಎಮ್ಮೆಯ ಹಾಲು, ಹೊಲದ ಬಿಸಿಲು, ಮೈಮುರಿಯುವ ದುಡಿಮೆ ಅವಳನ್ನು ಸಾಕಿದ್ದವು. ಹೆಸರು ಬಂದದ್ದು ಮಾತ್ರ ನನಗೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ಊರೆಲ್ಲ ನನ್ನ ಸರಕನ್ನೇ ಹಳಿಯುವಾಗ, ಒಬ್ಬಳಾದರೂ ಹೊಗಳಿದರೆ ಯಾರಿಗೆ ಬೇಡ?

ಅವಳು ತೀರಿಕೊಂಡ ಮೇಲೆ ನಾನು ಸೊಸೆ ನೀಲವ್ವನ ಕೈ ಸೇರಿದೆ.

ನೀಲವ್ವನ ರೊಟ್ಟಿಗೆ ಓಣಿಯಲ್ಲಿ ಸಾಟಿ ಇರಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಸಾಲಾಗಿ ನೆಲಕ್ಕೆ ಕೂತು, ಹಾಡುತ್ತ ರೊಟ್ಟಿ ಬಡಿಯುವಾಗ ಹಿಟ್ಟು ನಾದುವ ಮೊದಲ ಪರಾತ ಅವಳದೇ. ಆದರೆ ವರುಷ ಕಳೆದಂತೆ ಮೈ ಬೆಳೆಯಿತು, ಮಂಡಿ ಸೋತಿತು, ಸಕ್ಕರೆ ಕಾಯಿಲೆ ಬಂತು. ಕೂತರೆ ಏಳಲು ಇಬ್ಬರು ಬೇಕಾದರು. ಕೊನೆಗೆ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೈಗೆ ಹಿಟ್ಟಿನ ಜರಡಿ ಕೊಟ್ಟರು. ಸಾಲಿನ ಆಚೆ, ಎಲ್ಲರಿಗಿಂತ ಎತ್ತರದಲ್ಲಿ ಕೂತು ಅವಳು ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದಳು.

ಮತ್ತೆ ಆ ನೆಲದ ಮೇಲೆ ಕೂರಬೇಕೆಂದೇ ಅವಳು ಹುಬ್ಬಳ್ಳಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಳು. ಹೊಟ್ಟೆಯ ಚೀಲ ಸಣ್ಣದು ಮಾಡಿ, ಕರುಳಿನ ದಾರಿ ಬದಲಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ತಿಳಿಸಿ ಹೇಳಿದರು: “ನೋಡ್ರಿ ಅವ್ವಾರ, ಇನ್ನ ಮ್ಯಾಲೆ ಉಂಡಿದ್ದರಾಗಿನ ಕ್ಯಾಲ್ಸಿಯಂ ನಿಮ್ಮ ಮೈಗೆ ಸರಿಯಾಗಿ ಹತ್ತೂದಿಲ್ಲ. ಈ ಗುಳಿಗಿ ಜೀವ ಇರೂತನಕ ತಗೋಬೇಕು. ಬಿಟ್ರ ಎಲಬು ಟೊಳ್ಳ ಆಕ್ಕಾವು.”

ನೀಲವ್ವ ಕೆಲವು ತಿಂಗಳು ತಪ್ಪದೆ ತೆಗೆದುಕೊಂಡಳು. ದಪ್ಪ ಗುಳಿಗೆ ಗಂಟಲಲ್ಲೇ ನಿಲ್ಲುತ್ತಿತ್ತು, ಹೊಟ್ಟೆ ಕಟ್ಟುತ್ತಿತ್ತು. ಒಂದು ದಿನ ಗುಳಿಗೆಯನ್ನು ಉಗುರಿನಿಂದ ಕೆರೆದಳು. ಬಿಳಿ ಪುಡಿ ಉದುರಿತು. ನನ್ನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟು ನೋಡಿದಳು.

“ಅದೂ ಬೆಳ್ಳಗ, ಇದೂ ಬೆಳ್ಳಗ. ಅತ್ತಿ ಯಾವ ಗುಳಿಗಿ ನುಂಗಿದ್ದಳು?” ಎಂದಳು. ಅಂದಿನಿಂದ ಗುಳಿಗೆ ನಿಂತಿತು, ಎಲೆಗೆ ಸುಣ್ಣ ಹೆಚ್ಚಾಯಿತು.

ಮೈ ಇಳಿಯಿತು. ಅವಳು ಸಾಲಿಗೆ ಮರಳಿದಳು. ಮೊದಲ ದಿನ ಮಂಡಿ ಮಡಿಸಿ ನೆಲಕ್ಕೆ ಕೂತಾಗ ಹೆಂಗಸರು ಹಾಡು ನಿಲ್ಲಿಸಿ ನಕ್ಕರು, ಅವಳೂ ನಕ್ಕಳು. ಮಂಡಿ ಸೋತ ಮೇಲೆ ಅವಳ ಬಾಳಿನಲ್ಲಿ ನಾನು ಕಂಡ ಒಳ್ಳೆಯ ಕಾಲ ಅದೊಂದೇ. ಮೂರು ನಾಲ್ಕು ವರ್ಷ ಇದ್ದಿರಬೇಕು. ಆಮೇಲೆ ಒಂದು ಮದುವೆ ಮನೆಯಲ್ಲಿ ಹಿಟ್ಟಿನ ಮೇಲೆ ಅಂಗೈ ಬಡಿಯುವಾಗ ಸದ್ದೊಂದು ಕೇಳಿತು. ಯಾರೋ ಕಡಕ್ ರೊಟ್ಟಿ ಮುರಿದರೆಂದುಕೊಂಡೆ. ಮುರಿದದ್ದು ನೀಲವ್ವನ ಮಣಿಕಟ್ಟು.

ಗುಳಿಗೆ ಬಿಟ್ಟು ಸುಣ್ಣ ತಿಂದದ್ದನ್ನು ಕೇಳಿ ಡಾಕ್ಟರು ತಲೆ ಚಚ್ಚಿಕೊಂಡರು. “ಸುಣ್ಣದಿಂದ ಏನೂ ಆಗೂದಿಲ್ರಿ. ಎಲಿಗೆ ಹಚ್ಚೂದು ಎಷ್ಟು, ನಿಮಗ ಬೇಕಾದ್ದು ಎಷ್ಟು?” ನೀಲವ್ವ ಹೂಂ ಅಂದಳು. ಬಸ್ಸಿನಲ್ಲಿ ಕೂತೊಡನೆ ಎಡಗೈಯಿಂದ ನನ್ನನ್ನು ತೆರೆದು ಎಲೆಗೆ ಮೊದಲಿಗಿಂತ ದಪ್ಪಗೆ ಹಚ್ಚಿಕೊಂಡಳು. ನಾಲಿಗೆ ಸುಟ್ಟಿತು. ಸುಟ್ಟರೆ ಒಳಗೆ ಹತ್ತುತ್ತಿದೆ ಎಂದು ಅವಳ ಲೆಕ್ಕ. ನಂಬಿಕೆಗೆ ಯಾವ ಮದ್ದಿದೆ?

ಮುಂದಿನ ವರ್ಷ ನೆಲದಿಂದ ಏಳುವಾಗ ಜಾರಿದಳು. ಜಾರಿದ್ದು ಗೇಣುದ್ದ, ಮುರಿದದ್ದು ಸೊಂಟದ ಎಲುಬು. ರಾಡ್ ಹಾಕಿದರು. ಆದರೆ ಟೊಳ್ಳು ಎಲುಬು ರಾಡನ್ನು ಹಿಡಿದುಕೊಳ್ಳಲಿಲ್ಲ. ಕುರ್ಚಿಯೂ ಅವಳ ಪಾಲಿಗೆ ಇಲ್ಲವಾಯಿತು, ಉಳಿದದ್ದು ಮಂಚ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಂದಾಗ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ತಲೆದಿಂಬಿನ ಪಕ್ಕದಲ್ಲಿ ಕೂತ ನನಗೆ ದುಃಖ ಒತ್ತರಿಸಿ ಬರುತ್ತಿತ್ತು.

ಕಳೆದ ವಾರ ಅವಳ ತಂಗಿ ಗೌರವ್ವ ಬಂದಳು. ಅವಳೂ ಭಾರದ ಹೆಂಗಸು, ಅದೇ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳಾಗಿತ್ತು.

“ಯಕ್ಕಾ, ನಂಗೂ ಎಲಬಿನ ಗುಳಿಗಿ ಕೊಟ್ಟಾರ. ನುಂಗಾಕ ಆಗವಲ್ದು” ಎಂದಳು.

ನೀಲವ್ವನ ಕಣ್ಣು ಹೊಳೆಯಿತು. ದಿಂಬಿನ ಪಕ್ಕದಲ್ಲಿ ತಡಕಿ ನನ್ನನ್ನು ತೆಗೆದು ತಂಗಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ನಮ್ಮತ್ತಿದು ಇದು. ಎಲಬು ಕಲ್ಲಿನಂಗ ಇದ್ದುವು ಆಕಿವು. ನಾ ಸುಣ್ಣ ಕಡಿಮಿ ತಿಂದೆ ತಂಗಿ, ಅದಕ್ಕ ಹಿಂಗಾತು. ನೀ ಕಡಿಮಿ ಮಾಡಬ್ಯಾಡ.”

ನನಗೂ ಬಾಯಿ ಇದೆ. ಆದರೆ ತೆರೆದರೆ ಬರುವುದು ಸುಣ್ಣ ಮಾತ್ರ.

ಈಗ ನಾನು ಗೌರವ್ವನ ಚಂಚಿಯಲ್ಲಿದ್ದೇನೆ. ನಿನ್ನೆ ಅವಳು ಗುಳಿಗೆಯ ಡಬ್ಬವನ್ನು ಮೇಲಿನ ಗೂಡಿಗೆ ಸರಿಸಿದಳು. ಆಮೇಲೆ ನನ್ನನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ಹೇಳಿದಳು: “ನವಿಲು ಎಷ್ಟ ಚಂದ ಐತಿ.”